ಮಿತವ್ಯಯದ ಗೃಹಾಲಂಕಾರ: ದಾದರಿನ ಸಣ್ಣ ಮನೆಗಳಲ್ಲಿ ಗಾಳಿ, ಬೆಳಕು, ಬಣ್ಣ

ಮನೆಯನ್ನು ಅಂದವಾಗಿ ಇರಿಸಿಕೊಳ್ಳಬೇಕೆಂಬ ಆಸೆ ಸಿರಿವಂತರಿಗೆ ಮಾತ್ರ ಮೀಸಲಾದುದಲ್ಲ. ಒಂದೇ ಖೋಲಿಯಲ್ಲಿ ಐದಾರು ಜನ ಬಾಳುವ ಸಂಸಾರದಲ್ಲಿಯೂ ಹೊಸ್ತಿಲ ಮುಂದೆ ರಂಗೋಲಿಯ ಎರಡು ಎಳೆ, ದೇವರ ಗೂಡಿನಲ್ಲಿ ಒಂದು ಹೂವು, ಗೋಡೆಯ ಮೇಲೆ ಹಿರಿಯರ ಭಾವಚಿತ್ರ ಇದ್ದೇ ಇರುತ್ತವೆ. ಆದರೆ ಇಂದು ಗೃಹಾಲಂಕಾರವೆಂಬ ಮಾತು ಕಿವಿಗೆ ಬಿದ್ದೊಡನೆ ಮಧ್ಯಮ ವರ್ಗದ ಗೃಹಸ್ಥನಿಗೆ ನೆನಪಾಗುವುದು ಬಡಗಿಯ ಅಂದಾಜುಪಟ್ಟಿ, ಗುತ್ತಿಗೆದಾರನ ಮುಂಗಡ, ಬ್ಯಾಂಕಿನ ಕಂತು. ಅಂದಗೊಳಿಸುವುದೆಂದರೆ ಕೊಳ್ಳುವುದು ಎಂಬ ಭಾವನೆ ಅಷ್ಟರಮಟ್ಟಿಗೆ ಬೇರೂರಿದೆ.

ಸಣ್ಣ ಮನೆಯ ಮಟ್ಟಿಗೆ ಈ ಭಾವನೆ ತಪ್ಪು. ಆರೋಗ್ಯದ ಮಟ್ಟಿಗೆ ಅಪಾಯಕಾರಿಯೂ ಹೌದು. ದಾದರ್, ನಾಯಗಾಂವ್, ಮಾಟುಂಗಾಗಳ ಹಳೆಯ ಕಟ್ಟಡಗಳಲ್ಲಿ ವಾಸಿಸುವ ಕುಟುಂಬಕ್ಕೆ ಹಣ ಕೊಟ್ಟರೂ ಮತ್ತೆ ಸಿಗಲಾರದ ಒಂದು ವಸ್ತು ಮನೆಯಲ್ಲಿಯೇ ಇದೆ. ಅದು ಕಿಟಕಿ. ಸೋಫಾ, ಕಪಾಟು, ಗಾಜಿನ ಷೋಕೇಸುಗಳಿಗಾಗಿ ಆ ಕಿಟಕಿಯನ್ನು ಅರ್ಧ ಮುಚ್ಚಿದ ಮನೆ ಎಷ್ಟೇ ಖರ್ಚು ಮಾಡಿದ್ದರೂ ಅಂದದ ಮನೆಯಾಗದು. ಕಿಟಕಿಯನ್ನು ಕಾಪಾಡಿಕೊಂಡ ಮನೆಗೆ ಸ್ವಲ್ಪ ಸುಣ್ಣ, ಎರಡು ಪರದೆ, ಒಂದು ಚಾಪೆ ಸಾಕು.

ಪ್ಲೇಗು ಕಲಿಸಿದ ಪಾಠ

ದಾದರಿನ ಕಿಟಕಿಗಳು ಆಕಸ್ಮಿಕವಾಗಿ ಹುಟ್ಟಿಕೊಂಡವುಗಳಲ್ಲ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸರು ಪ್ಲೇಗು ರೋಗವನ್ನು ಗುರುತಿಸಿದರು. ಆ ಮಹಾಮಾರಿ ಊರನ್ನೇ ನಡುಗಿಸಿತು. ಇಕ್ಕಟ್ಟಾದ ಓಣಿಗಳ ಕತ್ತಲೆ ಕೋಣೆಗಳೇ ರೋಗದ ತವರೆಂದು ಅಂದಿನ ಅಧಿಕಾರಿಗಳು ಬಗೆದರು. ಮನೆಮನೆಗೂ ಸುಣ್ಣ ಬಳಿಸಿದರು, ಬೆಳಕು ಬೀಳಲೆಂದು ಮಾಡಿನ ಹಂಚು ತೆಗೆಸಿದರು, ವಾಸಕ್ಕೆ ಯೋಗ್ಯವಲ್ಲದ ಕೋಣೆಗಳಿಗೆ ಗುರುತು ಹಾಕಿದರು. ಪ್ಲೇಗು ಹರಡುವುದು ಇಲಿಗಳ ಮೈಮೇಲಿನ ಚಿಗಟಗಳಿಂದ ಎಂಬುದು ಆಮೇಲೆ ಖಚಿತವಾಯಿತು. ಆದರೂ ಗಾಳಿ ಬೆಳಕುಗಳಿಲ್ಲದ ಮನೆ ಕಾಯಿಲೆಯ ಮನೆ ಎಂಬ ತಿಳಿವಳಿಕೆ ಕ್ಷಯದಂಥ ರೋಗಗಳ ವಿಷಯದಲ್ಲಿ ಇಂದಿಗೂ ಸತ್ಯ.

1898ರಲ್ಲಿ ಮುಂಬಯಿ ಸುಧಾರಣಾ ಟ್ರಸ್ಟು ಸ್ಥಾಪನೆಯಾಯಿತು. ಇಕ್ಕಟ್ಟಾದ ಓಣಿಗಳನ್ನು ಕೆಡವುವುದರ ಜೊತೆಗೆ ಊರಿನ ಉತ್ತರಕ್ಕಿದ್ದ ದಾದರ್, ಮಾಟುಂಗಾ, ಸಯಾನ್ ಪ್ರದೇಶಗಳಲ್ಲಿ ಹೊಸ ಬಡಾವಣೆಗಳನ್ನು ನಿರ್ಮಿಸುವ ಕೆಲಸವನ್ನೂ ಅದು ಕೈಗೊಂಡಿತು. ದಾದರಿನ ಪಾರ್ಸಿ ಕಾಲನಿ, ಹಿಂದೂ ಕಾಲನಿಗಳು ಈ ಯೋಜನೆಯ ಫಲ. ಟ್ರಸ್ಟಿನ ಅಧ್ಯಕ್ಷರಾಗಿದ್ದ ಜೆ. ಪಿ. ಓರ್ ಅವರು 1912ರಲ್ಲಿ ಮುಂಬಯಿಯ ವಸತಿಗಳ ಗಾಳಿ ಬೆಳಕನ್ನೇ ವಿಷಯವಾಗಿಸಿಕೊಂಡು ಉಪನ್ಯಾಸ ನೀಡಿದರು. ಟ್ರಸ್ಟು ಅನುಸರಿಸಿದ ನಿಯಮವೊಂದು ಇಂದಿಗೂ ಮನನೀಯವಾಗಿದೆ. ಕಿಟಕಿಯ ಬುಡದಿಂದ 63½ ಡಿಗ್ರಿ ಕೋನದಲ್ಲಿ ಮೇಲಕ್ಕೆ ಒಂದು ರೇಖೆಯನ್ನು ಎಳೆದರೆ ಎದುರಿನ ಕಟ್ಟಡವು ಅದಕ್ಕೆ ಅಡ್ಡ ಬರಬಾರದು. ಸ್ಥೂಲವಾಗಿ ಹೇಳುವುದಾದರೆ ಎದುರಿಗೆ 40 ಅಡಿ ಎತ್ತರದ ಗೋಡೆಯಿದ್ದರೆ ನಡುವೆ 20 ಅಡಿಯಾದರೂ ತೆರವು ಇರಬೇಕು. ಬಡವನಾಗಲಿ ಬಲ್ಲಿದನಾಗಲಿ, ಕೋಣೆಯಲ್ಲಿ ಕುಳಿತವನಿಗೆ ಆಕಾಶದ ಒಂದು ತುಂಡಾದರೂ ಕಾಣಬೇಕೆಂಬುದೇ ಇದರ ತಾತ್ಪರ್ಯ.

ಇದೇ ಕಾಲಾವಧಿಯ ಇನ್ನೊಂದು ಮಾದರಿ ದಾದರಿನ ಪೂರ್ವಕ್ಕೆ ಅಂಟಿಕೊಂಡಿರುವ ನಾಯಗಾಂವಿನದು. ಮುಂಬಯಿ ಅಭಿವೃದ್ಧಿ ಇಲಾಖೆ 1920ರ ದಶಕದಲ್ಲಿ ಕಾರ್ಮಿಕರಿಗಾಗಿ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಸಂಸಾರಕ್ಕೆ ದೊರೆತದ್ದು ಸುಮಾರು 160 ಚದರ ಅಡಿಯ ಒಂದೇ ಖೋಲಿ. ಶೌಚಾಲಯ ಮಹಡಿಗೆಲ್ಲ ಸಾಮಾನ್ಯ. ಅಡುಗೆ, ಊಟ, ಓದು, ನಿದ್ದೆ, ಬಾಣಂತನ, ಮದುವೆಯ ಮಾತುಕತೆ ಎಲ್ಲವೂ ಆ ನಾಲ್ಕು ಗೋಡೆಗಳ ನಡುವೆಯೇ ನಡೆಯಬೇಕಾಗಿತ್ತು.

ಕಿಟಕಿಯ ಬೆಲೆ ಏನೆಂಬುದನ್ನು ತಿಳಿಯಲು ಹಳೆಯ ಕಾಲಕ್ಕೇ ಹೋಗಬೇಕಾಗಿಲ್ಲ. ಮುಂಬಯಿಯ ಗೋವಂಡಿ ಮುಂತಾದೆಡೆಗಳ ಪುನರ್ವಸತಿ ಕಟ್ಟಡಗಳನ್ನು ಕುರಿತು ‘ಡಾಕ್ಟರ್ಸ್ ಫಾರ್ ಯು’ ಸಂಸ್ಥೆ ನಡೆಸಿದ ಅಧ್ಯಯನವೊಂದು 2018ರಲ್ಲಿ ಹೊರಬಂದಿತು. ಕಟ್ಟಡಗಳು ಒಂದಕ್ಕೊಂದು ತೀರ ಹತ್ತಿರವಿದ್ದು, ಬಿಸಿಲು ಗಾಳಿಗಳು ತಲಪದ ಮನೆಗಳಲ್ಲಿ, ಅದರಲ್ಲಿಯೂ ಕೆಳಗಿನ ಮಹಡಿಗಳಲ್ಲಿ, ಕ್ಷಯರೋಗದ ಪೀಡೆ ಹೆಚ್ಚೆಂದು ಅದು ತೋರಿಸಿಕೊಟ್ಟಿತು. ಕ್ಷಯರೋಗಿಯ ಕೆಮ್ಮಿನಿಂದ ಹೊಮ್ಮಿದ ರೋಗಾಣುಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿರಬಲ್ಲವು. ಗಾಳಿಯಾಡುವ ಕೋಣೆಯಲ್ಲಿ ಚದುರಿ ಹೋಗುತ್ತವೆ. ಎದುರಿನ ಕಟ್ಟಡ ಮುಚ್ಚಿದ ಕಿಟಕಿಯನ್ನು ತೆರೆಯುವುದು ಮನೆಯವರ ಕೈಯಲ್ಲಿಲ್ಲ. ತಾವೇ ಕಪಾಟು ನಿಲ್ಲಿಸಿ ಮುಚ್ಚಿದ ಕಿಟಕಿಯನ್ನು ತೆರೆಯುವುದು ಅವರ ಕೈಯಲ್ಲಿಯೇ ಇದೆ.

ಅಲಂಕಾರದ ಮೊದಲ ಹೆಜ್ಜೆ

ಆದ್ದರಿಂದ ಮಿತವ್ಯಯದ ಅಲಂಕಾರ ಆರಂಭವಾಗಬೇಕಾದುದು ಅಂಗಡಿಯಲ್ಲಲ್ಲ, ಮನೆಯಲ್ಲಿ, ತರುವುದರಿಂದಲ್ಲ, ತೆಗೆಯುವುದರಿಂದ. ಒಂದು ಭಾನುವಾರ ಮನೆಮಂದಿಯೆಲ್ಲ ಸೇರಿ ಕಿಟಕಿಯ ಎರಡಡಿ ಆವರಣದಲ್ಲಿ ಏನೇನಿದೆಯೆಂದು ನೋಡುವುದು ಒಳ್ಳೆಯದು. ಹಳೆಯ ವೃತ್ತಪತ್ರಿಕೆಗಳ ಕಟ್ಟು, ಕೆಟ್ಟುಹೋದ ಮಿಕ್ಸರು, ಮುರಿದ ಕೊಡೆ, ಮುಂದೆಂದಾದರೂ ಬೇಕಾದೀತೆಂದು ಇರಿಸಿದ ರಟ್ಟಿನ ಪೆಟ್ಟಿಗೆ ಇವೆಲ್ಲ ಜಾಗವನ್ನು ಮಾತ್ರವಲ್ಲದೆ ಗಾಳಿಯನ್ನೂ ಕಬಳಿಸುತ್ತವೆ. ಇಲಿ, ಜಿರಲೆಗಳಿಗೆ ಆಶ್ರಯವನ್ನೂ ಒದಗಿಸುತ್ತವೆ. ರದ್ದಿಯವನಿಗೆ ಕೊಟ್ಟರೆ ನಾಲ್ಕು ಕಾಸಾದರೂ ಕೈಸೇರುತ್ತದೆ.

ಗಾಳಿ ಆಡಬೇಕಾದರೆ ಒಳಬರುವ ದಾರಿಯಷ್ಟೇ ಹೊರಹೋಗುವ ದಾರಿಯೂ ಬೇಕು. ಕಿಟಕಿಗೆ ಎದುರಾಗಿ ಬಾಗಿಲಿದ್ದರೆ ಅವೆರಡರ ನಡುವಣ ಗೆರೆಯಲ್ಲಿ ಎತ್ತರದ ಯಾವ ವಸ್ತುವನ್ನೂ ಇಡಬಾರದು. ಬಾಗಿಲ ಮೇಲಿನ ಗವಾಕ್ಷಿಯನ್ನು ರಟ್ಟು ಹೊಡೆದು ಮುಚ್ಚುವ ವಾಡಿಕೆ ಚಾಳುಗಳಲ್ಲಿ ಸಾಮಾನ್ಯ. ಅದನ್ನು ಬಿಚ್ಚಿ ಸೊಳ್ಳೆಪರದೆಯ ಬಲೆ ಬಿಗಿದರೆ ಬಿಸಿಗಾಳಿ ಮೇಲಿನಿಂದ ಹೊರಟುಹೋಗುತ್ತದೆ. ಅಡುಗೆಯ ಒಲೆ ಸಾಧ್ಯವಾದಷ್ಟೂ ಕಿಟಕಿಯ ಬಳಿಯಲ್ಲಿರಬೇಕು. ಒಗ್ಗರಣೆಯ ಹೊಗೆಯೂ ಗ್ಯಾಸಿನ ಉರಿಯಿಂದ ಹೊರಡುವ ಅನಿಲಗಳೂ ಉಬ್ಬಸದ ರೋಗಿಗೆ ಹಿತವಲ್ಲ.

ಇನ್ನೊಂದು ಮಾತು. ಗಾಜಿನ ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿದ ಪ್ರತಿಯೊಂದು ಬೊಂಬೆಯೂ ವಾರಕ್ಕೊಮ್ಮೆ ಒರೆಸುವ ಕೈಯನ್ನು ಬೇಡುತ್ತದೆ. ಆ ಕೈ ಬಹುಮಟ್ಟಿಗೆ ಗೃಹಿಣಿಯದು. ಬೆಳಗಿನ ಲೋಕಲ್ ಗಾಡಿ ಹಿಡಿದು ದುಡಿಯಲು ಹೋಗಿ ಸಂಜೆ ದಣಿದು ಬರುವವಳದು. ಕೊಳ್ಳುವಾಗಿನ ಬೆಲೆಯ ಜೊತೆಗೆ ಈ ಶ್ರಮವನ್ನೂ ಲೆಕ್ಕಕ್ಕೆ ಹಿಡಿದರೆ ಅನೇಕ ವಸ್ತುಗಳು ಅಂಗಡಿಯಲ್ಲಿಯೇ ಉಳಿಯುತ್ತವೆ.

ಗೋಡೆಯ ಬಣ್ಣ

ಕಡಿಮೆ ಹಣದಲ್ಲಿ ಮನೆಯ ಚಹರೆಯನ್ನೇ ಬದಲಿಸುವ ಸಾಧನ ಗೋಡೆಯ ಬಣ್ಣ. ಆದರೆ ಜೂನ್‌ನಿಂದ ಸೆಪ್ಟೆಂಬರಿನ ತನಕ ಎರಡು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಮುಂಬಯಿಯಲ್ಲಿ ಬಣ್ಣಕ್ಕಿಂತ ಮೊದಲು ನೋಡಬೇಕಾದುದು ತೇವ. ಒಸರುವ ಗೋಡೆಗೆ ಬಣ್ಣ ಬಳಿಯುವುದು, ಕೀವು ತುಂಬಿದ ಹುಣ್ಣಿನ ಮೇಲೆ ಪಟ್ಟಿ ಕಟ್ಟಿದಂತೆ. ಬಿರುಕನ್ನೂ ಸೋರುವ ಕೊಳಾಯಿಯನ್ನೂ ಮೊದಲು ಸರಿಪಡಿಸಿ, ಗೋಡೆ ಚೆನ್ನಾಗಿ ಒಣಗಿದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ಬಣ್ಣದ ಕೆಲಸ ಹಿಡಿಯುವುದು ಲೇಸು. ಮಳೆಗಾಲದಲ್ಲಿ ಗೋಡೆಗೆ ಹತ್ತುವ ಕಪ್ಪು ಬೂಷ್ಟು ಕಣ್ಣಿಗೆ ಅಸಹ್ಯವಾಗಿರುವುದಷ್ಟೇ ಅಲ್ಲ, ಅದರ ಸೂಕ್ಷ್ಮ ಕಣಗಳು ಉಸಿರಿನೊಡನೆ ಒಳಹೊಕ್ಕು ಮಕ್ಕಳಲ್ಲಿ ಸೀನು, ಕೆಮ್ಮು, ಉಬ್ಬಸಗಳನ್ನು ಕೆರಳಿಸುತ್ತವೆ. ಕಪಾಟನ್ನು ಹೊರಗೋಡೆಗೆ ಒತ್ತಿ ನಿಲ್ಲಿಸದೆ ಮೂರು ಬೆರಳಷ್ಟು ಸಂದು ಬಿಟ್ಟರೆ ಬೂಷ್ಟು ಹಿಡಿಯುವುದು ಕಡಿಮೆ. ಒಳಗಿನ ಸೀರೆಗಳೂ ಮುಗ್ಗುವುದಿಲ್ಲ.

ಹಿಂದಿನವರ ಸುಣ್ಣ ಇಂದಿಗೂ ಅಗ್ಗದ ಬಣ್ಣ. ಅರಳಿಸಿದ ಸುಣ್ಣವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ತುಸು ಗೋಂದು ಮತ್ತು ಚಿಟಿಕೆ ನೀಲಿ ಬೆರೆಸಿ ಎರಡು ಸಲ ತೆಳುವಾಗಿ ಬಳಿದರೆ ಖೋಲಿ ಬೆಳಗುತ್ತದೆ. ಸುಣ್ಣದ ಕ್ಷಾರಗುಣದಿಂದ ಬೂಷ್ಟೂ ಕ್ರಿಮಿಗಳೂ ಸುಲಭವಾಗಿ ಬೆಳೆಯವು. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ; ಬಳಿಯುವವರು ಕಣ್ಣಿಗೆ ರಕ್ಷಣೆ ಹಾಕಿಕೊಳ್ಳಬೇಕು, ಮಕ್ಕಳನ್ನು ದೂರವಿಡಬೇಕು. ಎಣ್ಣೆಬಣ್ಣ ಹಚ್ಚಿದ ಗೋಡೆಯ ಮೇಲೆ ಸುಣ್ಣ ನಿಲ್ಲದು ಎಂಬುದೂ ನೆನಪಿರಲಿ. ಡಿಸ್ಟೆಂಪರೇ ಬೇಕೆನ್ನುವವರು ಬಿಳಿ, ಕೆನೆ, ತಿಳಿಹಳದಿಗಳಂಥ ಬಣ್ಣಗಳನ್ನು ಆರಿಸಿದರೆ ಹಗಲು ದೀಪ ಉರಿಸುವ ಖರ್ಚು ಉಳಿಯುತ್ತದೆ. ಗಾಢ ಬಣ್ಣದ ಆಸೆ ಇದ್ದರೆ ಕಿಟಕಿ ಇರುವ ಗೋಡೆಗೇ ಅದನ್ನು ಬಳಿಯಲಿ. ಎದುರಿನ ಗೋಡೆ ತಿಳಿಯಾಗಿದ್ದು ಬೆಳಕನ್ನು ಹಿಂದಿರುಗಿಸಲಿ. ಅದೇ ಗೋಡೆಗೆ ಕಿಟಕಿಯನ್ನು ನೋಡುವಂತೆ ಒಂದು ಕನ್ನಡಿ ತೂಗುಹಾಕಿದರೆ ಕೋಣೆಗೆ ಇನ್ನೊಂದು ಕಿಟಕಿ ಬಂದಂತಾಗುತ್ತದೆ.

ಹಳೆಯ ಕಟ್ಟಡಗಳ ಬಾಗಿಲು, ಸರಳುಗಳಿಗೆ ಹಿಂದೆ ಬಳಿದ ಎಣ್ಣೆಬಣ್ಣಗಳಲ್ಲಿ ಸೀಸದ ಅಂಶ ಇರುವ ಸಂಭವವುಂಟು. ಅದರ ಧೂಳು ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಆದ್ದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿ ತೆಗೆಯದೆ ನೀರು ಚಿಮುಕಿಸಿ ಕೆರೆದು, ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿ ಎಸೆಯಬೇಕು. 2016ರ ಕೇಂದ್ರ ನಿಯಮದ ಪ್ರಕಾರ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರುವಂತಿಲ್ಲ; 2017ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಲು ಹೆಚ್ಚಿನ ಹಣವೇನೂ ಬೇಡ.

ಪರದೆ, ಹಾಸು, ಹೊದಿಕೆ

ದಪ್ಪ ಪರದೆ, ಗೋಡೆಯಿಂದ ಗೋಡೆಗೆ ಹಾಸಿದ ಜಮಖಾನೆ, ತುಪ್ಪಟದ ದಿಂಬು ಇವು ಚಳಿನಾಡಿಗೆ ಒಪ್ಪುವ ಅಲಂಕಾರ. ಬೆವರಿನ ಊರಾದ ಮುಂಬಯಿಯಲ್ಲಿ ಅವು ಧೂಳಿನ ಕಣಜಗಳು. ಅವುಗಳಲ್ಲಿ ಬೆಳೆಯುವ, ಕಣ್ಣಿಗೆ ಕಾಣದ ಧೂಳುಹುಳುಗಳು ಉಬ್ಬಸಕ್ಕೆ ಒಂದು ಮುಖ್ಯ ಕಾರಣ. ತೆಳುವಾದ ಹತ್ತಿಯ ಪರದೆ ಗಾಳಿಯನ್ನು ತಡೆಯದು, ವಾರಕ್ಕೊಮ್ಮೆ ಬಕೆಟಿನಲ್ಲಿ ಒಗೆಯಬಹುದು, ಸಂಜೆಯೊಳಗೆ ಒಣಗುತ್ತದೆ. ಐದೂವರೆ ಮೀಟರಿನ ಒಂದು ಹಳೆಯ ನೂಲಿನ ಸೀರೆಯನ್ನು ನಡುವೆ ಕತ್ತರಿಸಿದರೆ ಬಾಗಿಲೆತ್ತರದ ಎರಡು ಪರದೆಗಳು ಸಿದ್ಧ. ಇಳಕಲ್ಲಿನ ಸೀರೆಯಾದರೆ ಅದರ ದಡಿಯೇ ಅಲಂಕಾರ. ಹೊಸ ಬಟ್ಟೆ ಬೇಕಾದವರಿಗೆ ಹಿಂದ್‌ಮಾತಾ ಬಳಿಯ ಜವಳಿ ಅಂಗಡಿಗಳಲ್ಲಿ ಕಟ್‌ಪೀಸುಗಳು ದೊರೆಯುತ್ತವೆ.

ನೆಲಕ್ಕೆ ಚಾಪೆಯೇ ಉತ್ತಮ. ಕರಾವಳಿಯವರ ಮುಂಡೆವಿನ ಚಾಪೆ ತಂಪು, ಹಗುರ. ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದರೆ ಮಲಗುವ ಕೋಣೆ ಮತ್ತೆ ಕೂರುವ ಕೋಣೆಯಾಗುತ್ತದೆ. ಉತ್ತರ ಕರ್ನಾಟಕದ ಅಜ್ಜಿಯಂದಿರು ಹರಕು ಬಟ್ಟೆಗಳನ್ನು ಜೋಡಿಸಿ ಹೊಲಿದ ಕೌದಿಯನ್ನು ಮಂಚದ ಮೇಲೆ ಹರಡಿದರೆ ಯಾವ ಅಂಗಡಿಯ ಹೊದಿಕೆಯೂ ಅದಕ್ಕೆ ಸಾಟಿಯಾಗದು. ಊರಿಂದ ಬಂದ ಕೌದಿಯನ್ನು ನಾಚಿಕೆಯಿಂದ ಅಟ್ಟಕ್ಕೇರಿಸುವ ಮನೆಗಳಲ್ಲಿಯೇ ಅದರ ಅನುಕರಣೆಯ ಯಂತ್ರದ ಹೊದಿಕೆಯನ್ನು ದುಬಾರಿ ಬೆಲೆಗೆ ಕೊಳ್ಳುವುದು ಕಾಲದ ವಿಪರ್ಯಾಸ.

ಪೆಟ್ಟಿಗೆ, ಮಂಚ, ಅಟ್ಟ

ದಕ್ಷಿಣ ಕನ್ನಡದಿಂದ ಹೋಟೆಲಿನ ದುಡಿಮೆಗೆಂದು ಮುಂಬಯಿಗೆ ಬಂದ ಎಷ್ಟೋ ಮಂದಿ ಯುವಕರ ಮೊದಲ ಆಸ್ತಿ ಒಂದು ತಗಡಿನ ಟ್ರಂಕು. ಈ ಟ್ರಂಕು ಸಣ್ಣ ಮನೆಯ ಆದರ್ಶ ಪೀಠೋಪಕರಣ. ಎರಡು ಟ್ರಂಕುಗಳನ್ನು ಒತ್ತಟ್ಟಿಗಿರಿಸಿ ಮೇಲೊಂದು ಮಡಿಸಿದ ಕಂಬಳಿ ಹಾಸಿದರೆ ಆಸನ. ನವರಾತ್ರಿಯಲ್ಲಿ ಒಂದರ ಮೇಲೊಂದು ಏರಿಸಿ ಬಿಳಿಯ ಪಂಚೆ ಹೊದಿಸಿದರೆ ಗೊಂಬೆಗಳ ಮೆಟ್ಟಿಲು. ಒಂದು ವಸ್ತು ಎರಡು ಕೆಲಸಕ್ಕಾದರೂ ಒದಗಬೇಕು ಎಂಬುದೇ ಖೋಲಿಯ ಅರ್ಥಶಾಸ್ತ್ರ. ಬಾಡಿಗೆಯ ಅಥವಾ ಪಾಗಡಿಯ ಮನೆಯಲ್ಲಿ ಗೋಡೆಗೆ ಸೇರಿಸಿ ಕಟ್ಟಿಸಿದ ಕಪಾಟು ಬಿಟ್ಟುಹೋಗುವ ಹಣ; ಮಡಚುವ ಮೇಜು, ಎತ್ತಿಡುವ ಕಪಾಟುಗಳು ಮನೆಯವರೊಡನೆ ಹೋಗುತ್ತವೆ.

ಮಂಚದ ಸ್ಥಾನ ಕೇವಲ ಅಂದದ ಪ್ರಶ್ನೆಯಲ್ಲ. ಮನೆಯಲ್ಲಿ ವೃದ್ಧರೋ ದೀರ್ಘಕಾಲದ ರೋಗಿಯೋ ಇದ್ದರೆ ಕಿಟಕಿಯ ಬಳಿಯ ಜಾಗ ಅವರಿಗೆ ಸಲ್ಲಬೇಕು, ಟೆಲಿವಿಷನ್ನಿಗಲ್ಲ. ಓದುವ ಮಗುವಿನ ಮೇಜಿಗೆ ಬೆಳಕು ಎಡಗಡೆಯಿಂದ ಬೀಳಬೇಕು, ಎಡಗೈಯಲ್ಲಿ ಬರೆಯುವ ಮಗುವಾದರೆ ಬಲಗಡೆಯಿಂದ. ಆಗ ಕೈಯ ನೆರಳು ಪುಟದ ಮೇಲೆ ಬೀಳದು. ಅಟ್ಟದ ಮೇಲೆ ಭಾರವಾದ ಪಾತ್ರೆಗಳನ್ನು ಪೇರಿಸಿ ಸ್ಟೂಲಿನ ಮೇಲೆ ಸ್ಟೂಲು ಇಟ್ಟು ಹತ್ತುವುದು ನಡುವಯಸ್ಸು ದಾಟಿದವರ ಮೂಳೆ ಮುರಿತಕ್ಕೆ ನೇರ ದಾರಿ. ಹಿಂದ್‌ಮಾತಾದಂಥ ತಗ್ಗು ಪ್ರದೇಶಗಳಲ್ಲಿ ನೆಲಮಹಡಿಯಲ್ಲಿರುವವರು ಕಪಾಟುಗಳನ್ನು ಮಳೆಗಾಲಕ್ಕೆ ಮುಂಚೆಯೇ ಇಟ್ಟಿಗೆಗಳ ಮೇಲೆ ಎತ್ತರಿಸಿಕೊಳ್ಳುವುದು ಜಾಣತನ. ಚಾಳಿನ ಸಾಮಾನ್ಯ ಓಣಿಯಲ್ಲಿ ಚಪ್ಪಲಿಯ ಗೂಡು, ಕುಂಡಗಳ ಸಾಲು ಚೆಲುವಾಗಿ ಕಂಡರೂ ಬೆಂಕಿ ಬಿದ್ದಾಗ ಓಡುವ ದಾರಿ ಅದೊಂದೇ ಎಂಬುದನ್ನು ಮರೆಯಲಾಗದು.

ಹೂವು, ಗಿಡ, ಹಬ್ಬ

ದಾದರಿನವರಿಗೆ ಇರುವ ಒಂದು ಭಾಗ್ಯ ಸ್ಟೇಷನ್ನಿನ ಪಶ್ಚಿಮಕ್ಕಿರುವ ಹೂವಿನ ಮಾರುಕಟ್ಟೆ. ನಸುಕಿನಲ್ಲಿಯೇ ಚೆಂಡುಹೂ, ಸೇವಂತಿಗೆ, ಸುಗಂಧರಾಜಗಳ ರಾಶಿ ಬಂದು ಬೀಳುತ್ತದೆ. ಹಿತ್ತಾಳೆಯ ಒಂದು ಚೆಂಬಿನಲ್ಲಿ ಸುಗಂಧರಾಜದ ಮೂರು ಕಡ್ಡಿಗಳು ಇಡೀ ಕೋಣೆಗೆ ಸಾಕು. ಧಾರಾವಿಯ ಕುಂಬಾರವಾಡೆಯ ಮಣ್ಣಿನ ಕುಂಡದಲ್ಲಿ ಕಿಟಕಿಯ ಸರಳಿಗೆ ತಾಗಿದಂತೆ ಒಂದು ತುಳಸಿ, ಒಂದು ದೊಡ್ಡಪತ್ರೆ ಬೆಳೆಸಿದರೆ ಕಣ್ಣಿಗೂ ಹಿತ, ಮಗುವಿನ ಕೆಮ್ಮಿಗೆ ಕಷಾಯಕ್ಕೂ ಒದಗೀತು.

ಆದರೆ ಬಾಟಲಿಯ ನೀರಿನಲ್ಲಿ ಬೆಳೆಸುವ ಮನಿಪ್ಲ್ಯಾಂಟು ಮುಂಬಯಿಯ ಮನೆಗಳಲ್ಲಿ ಡೆಂಗೂ ಸೊಳ್ಳೆಯ ತೊಟ್ಟಿಲು. ಆ ಸೊಳ್ಳೆ ಸ್ವಚ್ಛವಾದ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ, ಮೊಟ್ಟೆಗಳು ಒಳಬದಿಗೆ ಅಂಟಿಕೊಂಡಿರುವುದರಿಂದ ಬಾಟಲಿಯನ್ನು ಉಜ್ಜಿ ತೊಳೆಯಬೇಕು. ಕುಂಡದ ಕೆಳಗಿನ ತಟ್ಟೆಗೂ ಇದೇ ನಿಯಮ. ಅದು ಆಗದೆಂದರೆ ಗಿಡವನ್ನು ಮಣ್ಣಿಗೆ ಹಾಕುವುದೇ ಸರಿ.

ಗಣೇಶನ ಹಬ್ಬದ ಮಂಟಪಕ್ಕೆ ಹಿಂದೆ ಮನೆಮನೆಯಲ್ಲಿ ಥರ್ಮೊಕೋಲಿನ ಕೆತ್ತನೆ ಬಳಕೆಯಲ್ಲಿತ್ತು. ಮಹಾರಾಷ್ಟ್ರ ಸರಕಾರ 2018ರಲ್ಲಿ ಅದನ್ನು ನಿಷೇಧಿಸಿತು. ಉತ್ತರ ಕನ್ನಡದವರಿಗೆ ಇದು ತೊಡಕೇ ಅಲ್ಲ. ಗಣಪತಿಯ ತಲೆಯ ಮೇಲೆ ತೆಂಗು, ಅಡಿಕೆ, ಹೀರೆ, ಮಾವಿನ ಸೊಪ್ಪುಗಳನ್ನು ತೂಗುಬಿಡುವ ಫಲಾವಳಿಯನ್ನು ಖೋಲಿಯಲ್ಲಿಯೂ ಕಟ್ಟಬಹುದು. ಹಬ್ಬ ಮುಗಿದ ಮೇಲೆ ಅದರ ಬಹುಪಾಲು ಅಡುಗೆಮನೆಗೆ ಸೇರುತ್ತದೆ. ದೀಪಾವಳಿಯ ಗೂಡುದೀಪಕ್ಕೆ ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮಕ್ಕಳ ಎರಡು ಸಂಜೆಗಳು ಸಾಕು. ಕೊಳ್ಳುವವರಿಗೆ ಪಕ್ಕದ ಮಾಹಿಮಿನ ಕಂದಿಲ್ ಗಲ್ಲಿ ಇದೆ. ಒಂದೇ ಪ್ಲಗ್ಗಿಗೆ ನಾಲ್ಕಾರು ದೀಪದ ಸರಗಳನ್ನು ಜೋಡಿಸುವ ಉತ್ಸಾಹ ಮಾತ್ರ ಬೇಡ. ಹಳೆಯ ಕಟ್ಟಡಗಳ ತಂತಿಗಳು ಅಷ್ಟು ಭಾರವನ್ನು ತಾಳಲಾರವು.

ಹೊಸ ಮನೆ, ಹೊಸ ಸಾಲ

ಇಂದು ದಾದರ್ ಮತ್ತು ನೆರೆಯ ಪ್ರದೇಶಗಳಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳಿ ಗೋಪುರಗಳೇಳುತ್ತಿವೆ. ವರಳಿಯ ಬಿ.ಡಿ.ಡಿ. ಚಾಳಿನ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ 500 ಚದರ ಅಡಿಯ ಹೊಸ ಮನೆಗಳ ಬೀಗದ ಕೈ ದೊರೆಯಿತು. 160 ಅಡಿಯಲ್ಲಿ ಮೂರು ತಲೆಮಾರು ಕಳೆದವರಿಗೆ ಇದು ಅರಮನೆಯೇ ಸರಿ. ಆದರೆ ಅರಮನೆಗೆ ತಕ್ಕ ಶೃಂಗಾರ ಬೇಡವೇ ಎಂಬ ಪ್ರಶ್ನೆ ಇಂಥ ಹೊಸ ಮನೆಗಳಲ್ಲಿ ಗೃಹಪ್ರವೇಶಕ್ಕೆ ಮೊದಲೇ ಏಳುತ್ತದೆ. ನೆಂಟರು ಬರುತ್ತಾರೆ, ನೆರೆಮನೆಯವರು ಮಾಡಿಸಿದ್ದಾರೆ, ಮಗಳಿಗೆ ವರ ನೋಡಲು ಬರುವವರಿದ್ದಾರೆ. ಮನೆ ಸಾಲವಿಲ್ಲದೆ ದಕ್ಕಿತು. ಶೃಂಗಾರ ಸಾಲಕ್ಕೆ ದೂಡುತ್ತದೆ.

ಲೆಕ್ಕ ಸರಳವಾಗಿದೆ. ಮೂರು ಲಕ್ಷ ರೂಪಾಯಿಯನ್ನು ಶೇಕಡಾ 12ರ ಬಡ್ಡಿಯಲ್ಲಿ ಐದು ವರ್ಷಗಳಿಗೆ ತಂದರೆ ತಿಂಗಳ ಕಂತು ಸುಮಾರು 6,670 ರೂಪಾಯಿ. ತೀರುವ ಹೊತ್ತಿಗೆ ಕಟ್ಟಿದ ಮೊತ್ತ ನಾಲ್ಕು ಲಕ್ಷ. ಗೋಪುರದ ಮನೆಗೆ ನಿರ್ವಹಣಾ ಶುಲ್ಕವೂ ತಪ್ಪಿದ್ದಲ್ಲ. ಇವೆರಡೂ ಕೂಡಿ ಹಿಂಡುವುದು ಹಾಲನ್ನು, ಹಣ್ಣನ್ನು, ಔಷಧಿಯನ್ನು, ಮಕ್ಕಳ ಶಾಲೆಯ ಹಣವನ್ನು. ಆ ಸಾಲದಲ್ಲಿ ಕಟ್ಟಿಸಿದ ಕೃತಕ ಛಾವಣಿಯಿಂದ ಕೋಣೆಯ ಎತ್ತರ ಒಂದಡಿ ಇಳಿದರೂ 160 ಚದರ ಅಡಿಯ ಒಂದು ಕೋಣೆಯಲ್ಲಿ 160 ಘನ ಅಡಿ ಗಾಳಿ ಕಡಿಮೆಯಾಯಿತು. ಹೊಸ ಪ್ಲೈವುಡ್ಡಿನ ಅಂಟಿನಿಂದ ತಿಂಗಳುಗಟ್ಟಲೆ ಹೊರಡುವ ಫಾರ್ಮಾಲ್ಡಿಹೈಡ್ ಅನಿಲ ಕಣ್ಣು ಗಂಟಲುಗಳನ್ನು ಉರಿಸುತ್ತದೆ. ಹೊಳೆಯುವ ನುಣುಪು ಹಾಸುಗಲ್ಲು ಒದ್ದೆಯಾದಾಗ ಅಜ್ಜಿಯ ಸೊಂಟಕ್ಕೆ ಶತ್ರು.

ಹೊಸ ಮನೆಗೆ ಹೋದವರು ಮೊದಲ ಒಂದು ವರ್ಷ ಅಗತ್ಯದ ಸಾಮಾನುಗಳೊಡನೆ ಬರಿದೇ ಇದ್ದು ನೋಡುವುದು ಮೇಲು. ಯಾವ ಗೋಡೆಗೆ ಮಳೆಯ ತೇವ, ಯಾವ ಕಿಟಕಿಗೆ ಏಪ್ರಿಲಿನ ಬಿಸಿಲು, ಅತ್ತೆ ಮಧ್ಯಾಹ್ನ ಎಲ್ಲಿ ಕೂರುತ್ತಾರೆ, ಮಗ ಎಲ್ಲಿ ಓದುತ್ತಾನೆ ಎಂಬುದನ್ನು ನಾಲ್ಕು ಋತುಗಳು ಹೇಳಿಕೊಡುತ್ತವೆ. ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಬಚ್ಚಲಿನಲ್ಲಿ ಹಿಡಿದುಕೊಳ್ಳುವ ಸರಳು, ಜಾರದ ನೆಲಹಾಸು, ಅಡುಗೆಮನೆಗೆ ಹೊಗೆ ಹೊರದೂಡುವ ಪಂಖ, ಕಿಟಕಿಗಳಿಗೆ ಸೊಳ್ಳೆಯ ಬಲೆ, ಈ ನಾಲ್ಕಕ್ಕೆ ಮೊದಲ ಹಕ್ಕು. ಅಲಂಕಾರದ ವಸ್ತುಗಳನ್ನು ಸಾಲದಿಂದಲ್ಲದೆ ಉಳಿತಾಯದಿಂದ, ವರ್ಷಕ್ಕೊಂದರಂತೆ, ಮನೆಮಂದಿಯೆಲ್ಲ ಕೂಡಿ ಆರಿಸಿ ತಂದರೆ ಪ್ರತಿಯೊಂದಕ್ಕೂ ಮನೆಯ ಚರಿತ್ರೆಯಲ್ಲಿ ಒಂದು ಸ್ಥಾನ ದೊರೆಯುತ್ತದೆ.

ನೂರಿಪ್ಪತ್ತೈದು ವರ್ಷಗಳ ಹಿಂದೆ ಒಂದು ಮಹಾಮಾರಿಗೆ ತೆತ್ತ ಬೆಲೆಯಿಂದ ಈ ಬಡಾವಣೆಗಳಿಗೆ ಅಗಲವಾದ ಬೀದಿಗಳೂ ಗಾಳಿಯಾಡುವ ಕೋಣೆಗಳೂ ದೊರೆತವು. ಆ ಕೊಡುಗೆಯನ್ನು ಉಳಿಸಿಕೊಳ್ಳಲು ತಗಲುವ ವೆಚ್ಚ ತೀರ ಅಲ್ಪ: ಕಿಟಕಿಯ ಮುಂದಿರುವ ಕಪಾಟನ್ನು ಪಕ್ಕಕ್ಕೆ ಸರಿಸಲು ಇಬ್ಬರ ಕೈಗಳು ಮತ್ತು ಒಂದು ಭಾನುವಾರದ ಬೆಳಗು.